ಕಥೆಯಲ್ಲಿ ದೇವರಿಗೆ ಎಷ್ಟು ಮಾತು ಕೊಡಬೇಕು?

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ನಡೆಯುವ ಒಂದು ಕಿರು ಕಾದಂಬರಿ ಬರೆದೆ. ಜ್ವರ ಬಂದು ಮಗ ತೀರಿಕೊಂಡ ಒಬ್ಬ ಕ್ರೈಸ್ತ ನೇಕಾರನ ಕಥೆ. ಭಾನುವಾರ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತಾನೆ, ಎಲ್ಲರ ಜೊತೆ ಹಾಡುತ್ತಾನೆ, ಪ್ರಾರ್ಥನೆ ಅಂದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಇಂಥವನ ಕಥೆಯಲ್ಲಿ ದೇವರು ಬರಲೇಬೇಕು ಅಲ್ವಾ? ಹೇಗೆ ಬರಬೇಕು ಅನ್ನೋದೇ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಕೊಟ್ಟಿತು.

ಇಂಗ್ಲಿಷಿನಲ್ಲಿ ಇದನ್ನು ಧೈರ್ಯವಾಗಿ ಮಾಡಿದವರಿದ್ದಾರೆ. 2007ರಲ್ಲಿ ಬಂದ 'ದಿ ಶ್ಯಾಕ್' ಕಾದಂಬರಿಯಲ್ಲಿ ಮಗಳನ್ನು ಕಳೆದುಕೊಂಡ ಅಪ್ಪನಿಗೆ ತಂದೆ ದೇವರು ಒಬ್ಬ ಕಪ್ಪು ಹೆಣ್ಣುಮಗಳಾಗಿ ಸಿಗುತ್ತಾರೆ, ಅಡುಗೆ ಮಾಡಿ ಬಡಿಸುತ್ತಾರೆ. ಕ್ರೈಸ್ತ ನಂಬಿಕೆಯಲ್ಲಿ ತಂದೆ, ಮಗನಾದ ಯೇಸು, ಪವಿತ್ರಾತ್ಮ ಮೂವರೂ ಸೇರಿ ಒಬ್ಬನೇ ದೇವರು, ಆದರೆ ಒಬ್ಬರೇ ಇನ್ನೊಬ್ಬರಲ್ಲ. ಪವಿತ್ರಾತ್ಮ ಅಲ್ಲಿ ಏಷ್ಯಾದ ಹೆಂಗಸು, ಹೆಸರು ಸರಯೂ. ಓದಿ ಅತ್ತವರೂ ಇದ್ದಾರೆ, ಸಿಟ್ಟಾದ ಪಾಸ್ಟರುಗಳೂ ಇದ್ದಾರೆ. ಹೆಣ್ಣಿನ ರೂಪದ ಬಗ್ಗೆ ನನ್ನ ತಕರಾರಿಲ್ಲ. ಬೈಬಲಿನ ಯೆಶಾಯನ ಪುಸ್ತಕದ 66ನೇ ಅಧ್ಯಾಯದಲ್ಲಿ ತಾಯಿಯ ಹಾಗೆ ಸಂತೈಸುತ್ತೇನೆ ಅಂತ ದೇವರೇ ಹೇಳುತ್ತಾರೆ. ನನಗೆ ಕಷ್ಟವಾದದ್ದು ಬೇರೆ ಕಡೆ. ಆ ಕಾದಂಬರಿಯಲ್ಲಿ ತಂದೆ ದೇವರ ಕೈಯಲ್ಲೂ ಶಿಲುಬೆಯ ಗಾಯದ ಗುರುತು ಇದೆ. ತಂದೆಯೇ ಶಿಲುಬೆಯ ಮೇಲೆ ನೊಂದ ಅನ್ನೋ ಬೋಧನೆಯನ್ನು ಸಭೆ ಮೂರನೇ ಶತಮಾನದಷ್ಟು ಹಿಂದೆಯೇ ತಳ್ಳಿಹಾಕಿತ್ತು, ಯಾಕಂದರೆ ತಂದೆ-ಮಗ ಇಬ್ಬರೂ ಒಬ್ಬನೇ ಆಗಿಬಿಟ್ಟರೆ ಶಿಲುಬೆಗೆ ಹೋಗುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಮಗ ಮಾಡಿದ ಪ್ರಾರ್ಥನೆಯನ್ನು ಕೇಳಿಸಿಕೊಂಡವರು ಯಾರು? ಇನ್ನೊಂದು, ಆ ದೇವರು ತುಂಬಾ ವಿವರಿಸುತ್ತಾರೆ.

ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಕಥೆ ಹೇಳುವ ಬೈಬಲಿನ ಪುಸ್ತಕ ನೋಡಿ. 38ನೇ ಅಧ್ಯಾಯದಲ್ಲಿ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾರೆ, 41ರ ತನಕ ಪ್ರಶ್ನೆಯ ಮೇಲೆ ಪ್ರಶ್ನೆ. ನಾನು ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ, ಕಾಡುಮೇಕೆ ಈಯುವ ಕಾಲ ನಿನಗೆ ಗೊತ್ತಾ. ಮಕ್ಕಳು ಯಾಕೆ ಸತ್ತರು ಅನ್ನೋದಕ್ಕೆ ಒಂದು ಮಾತೂ ಇಲ್ಲ. ಕಾರಣ ಗೊತ್ತಿದೆ ಅಂತ ಉದ್ದುದ್ದ ಮಾತಾಡಿದವರು ಮೂವರು ಗೆಳೆಯರು, ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆಯೇ. ಹಾಗಾಗಿ ನಾನೊಂದು ಕಟ್ಟು ಹಾಕಿಕೊಂಡೆ: ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೇವರು ಹೇಳದ ಕಾರಣವನ್ನು ನನ್ನ ಕಥೆಯಲ್ಲಿ ದೇವರ ಬಾಯಿಂದ ಹೇಳಿಸುವುದಿಲ್ಲ.

ನಮ್ಮ ಕಡೆ ಬರೆಯುವವರಿಗೆ ಮತ್ತೊಂದು ತೊಡಕಿದೆ. ಶಿವ ಜಂಗಮನ ವೇಷದಲ್ಲಿ ಬಂದು ಭಕ್ತನನ್ನು ಪರೀಕ್ಷೆ ಮಾಡುವ ಕಥೆಗಳನ್ನು ಕೇಳುತ್ತಲೇ ಇಲ್ಲಿ ಎಲ್ಲರೂ ಬೆಳೆದಿರುತ್ತೇವೆ. ಗುರುತಿಲ್ಲದ ಮುದುಕಿಯೊಬ್ಬಳು ಬಾಗಿಲಿಗೆ ಬಂದು ನೀರು ಕೇಳಿದಳು ಅಂತ ಬರೆದರೆ ಸಾಕು, ಓದುಗ ಅವಳೇ ದೇವರು ಅಂದುಬಿಡುತ್ತಾನೆ. ಆ ಕಥೆಗಳ ಮೇಲೆ ನನಗೆ ಪ್ರೀತಿಯಿದೆ. ಆದರೆ ಕ್ರೈಸ್ತ ನಂಬಿಕೆಯಲ್ಲಿ ದೇವರು ಮನುಷ್ಯನಾದದ್ದು ಒಂದೇ ಸಲ, ಅದೂ ವೇಷವಲ್ಲ. 451ರಲ್ಲಿ ಕ್ರೈಸ್ತ ಬಿಷಪ್‌ಗಳು ಸೇರಿದ್ದ ಕಾಲ್ಸಿಡನ್ ಮಹಾಸಭೆ ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ ಅಂತ ಹೇಳಿತಲ್ಲ, ಆ ಮಾತನ್ನು ಕಥೆಗಾರ ಸಡಿಲ ಮಾಡಬಾರದು.

ದಾರಿ ಸಿಕ್ಕಿದ್ದು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ. ಹಸಿದವನಿಗೆ ಊಟ ಕೊಟ್ಟರೆ ಅದು ನನಗೇ ಕೊಟ್ಟಂತೆ ಅಂತ ಯೇಸು ಹೇಳುವ ಜಾಗ. ಅಲ್ಲಿ ಹಸಿದವನು ವೇಷ ಹಾಕಿದ ದೇವರಲ್ಲ, ನಿಜವಾಗಿ ಹಸಿದ ಮನುಷ್ಯ. ಅದಕ್ಕೆ ಪಕ್ಕದ ಮನೆಯ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಅಜ್ಜಿಯನ್ನು ಕಥೆಗೆ ತಂದೆ. ಅವಳಿಗೆ ಮೊಣಕಾಲು ನೋವು ಕೊಟ್ಟೆ, ಕಿರಾಣಿ ಅಂಗಡಿಯಲ್ಲಿ ಸಾಲ ಕೊಟ್ಟೆ, ಸೊಸೆಯ ಜೊತೆ ಜಗಳ ಕೊಟ್ಟೆ. ಕಥೆಯ ಕೊನೆಗೆ ಅವಳು ಮಾಯವಾಗುವುದಿಲ್ಲ. ನಿಂತುಹೋದ ಮಗ್ಗದ ಹತ್ತಿರ ಬಂದು ಕೂರುತ್ತಾಳೆ. "ಯಾಕ ಹೋದಾ ಅಂತ ನನಗೂ ಗೊತ್ತಿಲ್ಲಪಾ. ಎಳಿ ಹರದೈತಿ ನೋಡು, ತಾ ಇಲ್ಲೆ" ಅನ್ನುತ್ತಾಳೆ. ಹರಿದ ತುದಿಗಳನ್ನು ಬೆರಳಲ್ಲಿ ಹೊಸೆದು ಗಂಟು ಹಾಕುತ್ತಾಳೆ, ಅಷ್ಟೇ.

ಹಸ್ತಪ್ರತಿ ಓದಿದ ಸಭೆಯ ಹಿರಿಯರೊಬ್ಬರು, "ಎಲ್ಲಾ ಛಲೋ ಐತ್ರಿ, ಆದ್ರ ಇದರಾಗ ದೇವರು ಎಲ್ಲಿ ಅದಾನ?" ಅಂದರು. ಸರಿಯಾದ ಪ್ರಶ್ನೆ. ಒಳ್ಳೆಯ ನೆರೆಹೊರೆ ಇದ್ದರೆ ಸಾಕು ಅಂತ ಮುಗಿದರೆ ಅದು ಕ್ರೈಸ್ತ ಕಥೆಯಾಗಿ ಉಳಿಯುವುದಿಲ್ಲ. ಅದಕ್ಕೆ ಒಂದು ದೃಶ್ಯ ಸೇರಿಸಿದೆ: ನೇಕಾರ ಒಬ್ಬನೇ ಕೂತು ಬೈಬಲಿನ 88ನೇ ಕೀರ್ತನೆಯನ್ನು ಜೋರಾಗಿ ಓದುತ್ತಾನೆ. ಸಮಾಧಾನದ ಮಾತಿಗೆ ತಿರುಗದೆ ಕತ್ತಲಲ್ಲೇ ಮುಗಿಯುವ ಕೀರ್ತನೆ ಅದು, ಆದರೆ ಮೊದಲ ಸಾಲಿನಿಂದಲೇ ದೇವರನ್ನು ಕರೆದು ಹೇಳಿದ ಮಾತು. ದೇವರು ಒಂದಕ್ಷರ ಆಡುವುದಿಲ್ಲ, ಆದರೂ ಇಡೀ ದೃಶ್ಯದಲ್ಲಿ ಕೇಳಿಸಿಕೊಳ್ಳುವವರು ಅವರೇ.

ಹಿರಿಯರು ಅದನ್ನೂ ಓದಿದರು. ಉತ್ತರ ಸಿಗುವ ಒಂದು ಅಧ್ಯಾಯ ಇರಬೇಕಿತ್ತು ಅಂತ ಅವರಿಗೆ ಈಗಲೂ ಅನಿಸುತ್ತದೆ. ನಾನು ಅದನ್ನು ಬರೆಯಲಿಲ್ಲ, ಬರೆಯುವುದೂ ಇಲ್ಲ.