ಜೋಗಿಮಟ್ಟಿಯ ಇಳಿಜಾರು ಮತ್ತು ನನ್ನ ಬಲಮಂಡಿ

ಚಿತ್ರದುರ್ಗದಲ್ಲಿ ಬೆಳಗಿನ ಓಟಕ್ಕೆ ಹೊರಡುವವರಿಗೆ ಒನಕೆ ಓಬವ್ವ ಕ್ರೀಡಾಂಗಣದ ಸಮತಟ್ಟಾದ ಟ್ರ್ಯಾಕೂ ಇದೆ, ಜೋಗಿಮಟ್ಟಿಯ ಏರುದಾರಿಯೂ ಇದೆ. ನಲವತ್ತೊಂದನೆಯ ವಯಸ್ಸಿನಲ್ಲಿ ಓಡಲು ಆರಂಭಿಸಿದ ನಾನು ಮೂರೇ ತಿಂಗಳಲ್ಲಿ ಕ್ರೀಡಾಂಗಣದ ಸುತ್ತುಗಳು ಬೇಸರವೆನಿಸಿ ಜೋಗಿಮಟ್ಟಿಯತ್ತ ತಿರುಗಿದೆ. ಏರುವಾಗ ಏದುಸಿರು ಬರುತ್ತಿತ್ತೇ ಹೊರತು ಮಂಡಿಗೆ ಏನೂ ಆಗುತ್ತಿರಲಿಲ್ಲ. ಇಳಿಯುವಾಗ ಮಾತ್ರ, ಏರಿನಲ್ಲಿ ಕಳೆದ ಸಮಯವನ್ನೆಲ್ಲ ವಸೂಲು ಮಾಡುವ ಉಮೇದಿನಲ್ಲಿ, ಕಾಲನ್ನು ಉದ್ದಕ್ಕೆ ಚಾಚಿ ಓಡುತ್ತಿದ್ದೆ. ಬಲಮಂಡಿಯ ಚಿಪ್ಪಿನ ಸುತ್ತ ನೋವು ಶುರುವಾದದ್ದು ಆ ದಿನಗಳಲ್ಲಿ. ಮೊದಲು ಓಟದ ಕೊನೆಗಷ್ಟೇ ಇರುತ್ತಿದ್ದ ಅದು, ಕೆಲವೇ ವಾರಗಳಲ್ಲಿ ಮನೆಯ ಮೆಟ್ಟಿಲು ಇಳಿಯುವಾಗಲೂ, ಬೆಂಗಳೂರಿನ ಬಸ್ಸಿನಲ್ಲಿ ಮಂಡಿ ಮಡಿಸಿ ಗಂಟೆಗಟ್ಟಲೆ ಕುಳಿತು ಏಳುವಾಗಲೂ ಕಾಡತೊಡಗಿತು.

ಎಕ್ಸ್‌ರೇಯಲ್ಲಿ ಸವೆತ ಕಾಣಲಿಲ್ಲ, ಊತವೂ ಇರಲಿಲ್ಲ. ಮೂಳೆ ವೈದ್ಯರೊಬ್ಬರು ವಯಸ್ಸಿನ ಮಾತೆತ್ತಿ ಓಟ ಬಿಡಲು ಹೇಳಿದರು. ಜೊತೆಗೆ ಓಡುವ ಗೆಳೆಯರು ಷೂ ಬದಲಾಯಿಸಲು ಹೇಳಿದರು. ದುಬಾರಿ ಷೂ ಬಂತು, ನೋವು ಹೋಗಲಿಲ್ಲ. ಹಿಮ್ಮಡಿ ಊರುವುದೇ ತಪ್ಪು, ಮುಂಗಾಲಿನ ಮೇಲೆ ಓಡಬೇಕು ಎಂದು ಎಲ್ಲೋ ಕೇಳಿ, ಒಂದು ಸೋಮವಾರದಿಂದ ಹಾಗೆಯೇ ಓಡಲು ತೊಡಗಿದೆ. ಮಂಡಿಗೆ ಹಗುರವೆನಿಸಿದ್ದು ನಿಜ, ಆದರೆ ಹತ್ತೇ ದಿನಗಳಲ್ಲಿ ಮೀನಖಂಡ ಬಿಗಿದು, ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬೆಳಗ್ಗೆ ಹಾಸಿಗೆಯಿಂದ ಏಳಲಾರದಷ್ಟು ನೋಯಿತು. ಮುಂಗಾಲು ಊರಿದರೆ ಭಾರ ಮಾಯವಾಗುವುದಿಲ್ಲ, ಮಂಡಿಯಿಂದ ಕಣಕಾಲಿಗೆ ವರ್ಗವಾಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಕ್ರೀಡಾಂಗಣಕ್ಕೇ ಬಂದು, ನಾನು ಓಡುವುದನ್ನು ಮೊಬೈಲಿನಲ್ಲಿ ಪಕ್ಕದಿಂದಲೂ ಹಿಂದಿನಿಂದಲೂ ಚಿತ್ರಿಸಿ, ನಿಧಾನಗತಿಯಲ್ಲಿ ತೋರಿಸಿದರು. ನಾನು ಓಡುತ್ತಿರುವುದು ಹೀಗೆ ಎಂದು ನಂಬಲು ಕಷ್ಟವಾಯಿತು. ಪಾದ ನೆಲ ಮುಟ್ಟುವ ಕ್ಷಣದಲ್ಲಿ ಮಂಡಿ ಬಹುತೇಕ ನೆಟ್ಟಗಿತ್ತು, ಪಾದವು ಸೊಂಟಕ್ಕಿಂತ ಬಹಳ ಮುಂದೆ ಬಿದ್ದಿತ್ತು. ಅಂದರೆ ಪ್ರತಿ ಹೆಜ್ಜೆಯಲ್ಲೂ ನನ್ನ ಓಟಕ್ಕೆ ನಾನೇ ಬ್ರೇಕ್ ಹಾಕುತ್ತಿದ್ದೆ. ಹಿಂದಿನಿಂದ ತೆಗೆದ ಚಿತ್ರದಲ್ಲಿ ಬಲಗಾಲು ಊರಿದಾಗಲೆಲ್ಲ ಸೊಂಟದ ಎಡಬದಿ ಕೆಳಗೆ ಜಾರಿ, ಬಲಮಂಡಿ ಒಳಕ್ಕೆ ವಾಲುತ್ತಿತ್ತು. ಓಟದಲ್ಲಿ ನೆಲವು ಪಾದಕ್ಕೆ ಹಿಂದಿರುಗಿಸುವ ಬಲ ದೇಹತೂಕದ ಎರಡು–ಮೂರು ಪಟ್ಟು ಇರುತ್ತದೆ. ಪಾದ ಮುಂದೆ ಬಿದ್ದಷ್ಟೂ ಅದನ್ನು ತಡೆಯಲು ತೊಡೆಯ ಮುಂಭಾಗದ ಸ್ನಾಯು ಹೆಚ್ಚು ದುಡಿಯಬೇಕಾಗುತ್ತದೆ, ಆ ಸ್ನಾಯು ಬಿಗಿದಂತೆಲ್ಲ ಮಂಡಿಚಿಪ್ಪು ತೊಡೆಮೂಳೆಯ ಮೇಲೆ ಒತ್ತಿಕೊಳ್ಳುತ್ತದೆ. ಇಳಿಜಾರಿನಲ್ಲಿ ಇದೇ ಕೆಲಸ ಇನ್ನೂ ಹೆಚ್ಚು. ಜೋಗಿಮಟ್ಟಿ ನನ್ನ ತಪ್ಪನ್ನು ಹುಟ್ಟಿಸಿರಲಿಲ್ಲ, ದೊಡ್ಡದು ಮಾಡಿ ತೋರಿಸಿತ್ತು.

ಹಿಮ್ಮಡಿಯೋ ಮುಂಗಾಲೋ ಎಂಬ ಚಿಂತೆಯನ್ನು ಬಿಟ್ಟು ಹೆಜ್ಜೆಗಳನ್ನು ಎಣಿಸಿ ಎಂದರು. ನಿಮಿಷಕ್ಕೆ 152 ಬಂತು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ತರಬೇತುದಾರ ಜ್ಯಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆ ಎಣಿಸಿ, ಬಹುತೇಕ ಎಲ್ಲರೂ 180 ಅಥವಾ ಅದಕ್ಕಿಂತ ಹೆಚ್ಚು ಹಾಕುತ್ತಾರೆಂದು ಗುರುತಿಸಿದ್ದು ಓಟದ ವಲಯದಲ್ಲಿ ಮಂತ್ರದಂತೆ ಉಳಿದುಬಿಟ್ಟಿದೆ. ಕಿಲೋಮೀಟರಿಗೆ ಏಳು ನಿಮಿಷ ತೆಗೆದುಕೊಳ್ಳುವ ನನ್ನಂಥವನು ಆ ಅಂಕಿಯ ಬೆನ್ನು ಹತ್ತುವುದು ಹಾಸ್ಯಾಸ್ಪದವೆಂದೇ ನನ್ನ ಅಭಿಪ್ರಾಯ. ನನಗೆ ಸಿಕ್ಕ ಗುರಿ, ವೇಗ ಬದಲಿಸದೆ ನನ್ನದೇ ಎಣಿಕೆಗಿಂತ ಶೇ. 5, ಆಮೇಲೆ ಶೇ. 10ರಷ್ಟು ಹೆಚ್ಚು, ಅಂದರೆ ಮೊದಲು 160, ನಂತರ 167. ಮಗಳ ಸಂಗೀತಾಭ್ಯಾಸಕ್ಕೆಂದು ಫೋನಿನಲ್ಲಿದ್ದ ತಾಳದ ಆ್ಯಪನ್ನೇ ಕಿವಿಗೆ ಹಾಕಿಕೊಂಡು, ಮೊದಲ ವಾರ ಒಂದು ನಿಮಿಷ ತಾಳಕ್ಕೆ ಓಡಿ, ಎರಡು ನಿಮಿಷ ನಡೆದು, ಹೀಗೆ ಎಂಟು ಸಲ ಮಾಡಿದೆ. ಬೆಂಕಿಯ ಮೇಲೆ ಕುಪ್ಪಳಿಸಿದಂತೆ ಅನಿಸುತ್ತಿತ್ತು, ನೋಡುವವರಿಗೂ ಹಾಗೆಯೇ ಕಂಡಿರಬೇಕು.

ಹೆಜ್ಜೆ ಹೆಚ್ಚಾದರೆ ಪೆಟ್ಟೂ ಹೆಚ್ಚಲ್ಲವೇ ಎಂದು ನಾನೂ ವಾದಿಸಿದ್ದೆ. ನನ್ನ ಲೆಕ್ಕದಲ್ಲಿ ಕಿಲೋಮೀಟರಿಗೆ ಸುಮಾರು ನೂರು ಹೆಜ್ಜೆ ಹೆಚ್ಚಾಗುತ್ತದೆ, ನಿಜ. ಆದರೆ ಪಾದ ಸೊಂಟಕ್ಕೆ ಸಮೀಪ ಬೀಳುವುದರಿಂದ ಪ್ರತಿ ಹೆಜ್ಜೆಯಲ್ಲಿ ಮಂಡಿ ಹೊರುವ ಭಾರ ಗಣನೀಯವಾಗಿ ಇಳಿಯುತ್ತದೆ. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲೂ, ವೇಗ ಅದೇ ಇದ್ದು ಹೆಜ್ಜೆಯ ಎಣಿಕೆ ಮಾತ್ರ ಏರಿದಾಗ ಮಂಡಿಯ ಮೇಲಿನ ಹೊರೆ ಕಡಿಮೆಯಾದದ್ದು ಕಂಡುಬಂದಿತ್ತು.

ಸೊಂಟದ ಜಾರುವಿಕೆಗೆ ತಾಳ ಸಾಲದು. ದಿನ ಬಿಟ್ಟು ದಿನ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವುದು, ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತು ಇನ್ನೊಂದು ಪಾದವನ್ನು ನೆಲಕ್ಕೆ ತಾಗಿಸಿ ಮೇಲಕ್ಕೆ ತರುವುದು, ಇವೆರಡನ್ನು ನಾಲ್ಕು ತಿಂಗಳು ಬಿಡದೆ ಮಾಡಿದೆ. ವಾರದ ಓಟವನ್ನು ಮೂವತ್ತು ಕಿಲೋಮೀಟರಿನಿಂದ ಹನ್ನೆರಡಕ್ಕೆ ಇಳಿಸಿದ್ದೆ. ಗುಣವಾದದ್ದರಲ್ಲಿ ಈ ಕಡಿತದ ಪಾಲು ಎಷ್ಟು, ಹೆಜ್ಜೆಯ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಲು ನನ್ನಿಂದಾಗದು. ಮಂಡಿ ಊದಿಕೊಳ್ಳುವ, ನಡುವೆ ಸಿಕ್ಕಿಕೊಳ್ಳುವ ಅಥವಾ ಕುಸಿಯುವ ತೊಂದರೆ ಇರುವವರು ಈ ಎಣಿಕೆಯನ್ನು ನೆಚ್ಚದೆ ವೈದ್ಯರನ್ನು ಕಾಣಬೇಕು. ನನಗೆ ಅವು ಯಾವುವೂ ಇರಲಿಲ್ಲ.

ಐದನೆಯ ತಿಂಗಳು ಮತ್ತೆ ಜೋಗಿಮಟ್ಟಿಗೆ ಹೋದೆ. ಈಗ ಏರನ್ನು ಓಡುತ್ತೇನೆ, ಕಡಿದಾದ ತಿರುವುಗಳನ್ನು ನಡೆದು ಇಳಿಯುತ್ತೇನೆ, ಉಳಿದ ಇಳಿಜಾರಿನಲ್ಲಿ ಗಿಡ್ಡ ಹೆಜ್ಜೆ ಹಾಕುತ್ತೇನೆ. ತಾಳದ ಆ್ಯಪ್ ಬೇಕಾಗುವುದಿಲ್ಲ. ಎಂಟನೆಯ ಕಿಲೋಮೀಟರ್ ದಾಟಿ ದಣಿದಾಗ ಸೊಂಟದ ಎಡಬದಿ ಈಗಲೂ ಜಾರುತ್ತದೆ. ಅದು ತಿಳಿದೊಡನೆ ಅಂದಿನ ಓಟವನ್ನು ಅಲ್ಲಿಗೇ ನಿಲ್ಲಿಸಿ, ಮನೆಯವರೆಗೆ ನಡೆದು ಬರುತ್ತೇನೆ.