ಸ್ಪಾನ್ ಆದ ವರ್ಕರ್‌ಗೆ ಜಿಡಿಬಿ ಹಾಕಿದ ಬಗೆ: ನನ್ನ ಅನುಭವ

ಎಂಪಿಐ ಎಂದರೆ ಹಲವು ಪ್ರೊಸೆಸ್‌ಗಳು ಸಂದೇಶ ಕಳಿಸಿಕೊಂಡು ಒಟ್ಟಿಗೆ ಲೆಕ್ಕ ಮಾಡಲು ಇರುವ ಮಾನದಂಡ; ಅದರಲ್ಲಿ ಓಡುತ್ತಿರುವ ಮಾಸ್ಟರ್ ಪ್ರೊಸೆಸ್ ನಡುದಾರಿಯಲ್ಲಿ ಹೊಸ ವರ್ಕರ್ ಪ್ರೊಸೆಸ್‌ಗಳನ್ನು ಎಬ್ಬಿಸುವುದೇ ಸ್ಪಾನ್. ಅಂಥ ವರ್ಕರ್‌ಗೂ ಅದನ್ನು ಓಡಿಸುವ ಲಾಂಚರ್‌ಗೂ ನಡುವೆ ಜಿಡಿಬಿ ಸರ್ವರ್ (ಪ್ರೊಸೆಸ್ ಅನ್ನು ದೂರದ ಜಿಡಿಬಿ ಡಿಬಗರ್ ಕೈಗೆ ಒಪ್ಪಿಸುವ ಸಹಾಯಕ) ತುರುಕಿದರೆ ವರ್ಕರ್‌ನ ಎಂಪಿಐ ಇನಿಟ್ (ಎಂಪಿಐ ಶುರು ಮಾಡುವ ಕರೆ) ದಾಟುವುದೇ ಇಲ್ಲ ಅಂದವರು ಬಹಳ. ದಾಟುತ್ತದೆ. ಎಂಪಿಐ ಲೈಬ್ರರಿಗಳಾದ ಓಪನ್ ಎಂಪಿಐ, ಎಂಪಿಕ್ (ಎಂಪಿಐಸಿಎಚ್) ಎರಡರಲ್ಲೂ ದಾಟಿಸಿದ್ದೇನೆ, ಲೈಬ್ರರಿಯ ಒಂದು ಸಾಲನ್ನೂ ಮುಟ್ಟದೆ.

ಎಲ್ಲರೂ ಮೊದಲು ಮಾಡುವುದು ಮಾಸ್ಟರ್ ಅನ್ನು ಜಿಡಿಬಿಯಲ್ಲಿ ಓಡಿಸಿ, ಫಾಲೋ-ಫೋರ್ಕ್-ಮೋಡ್ ಚೈಲ್ಡ್ (ಫೋರ್ಕ್ ಆಗಿ ಹುಟ್ಟಿದ ಮಗು ಪ್ರೊಸೆಸ್ ಅನ್ನು ಹಿಂಬಾಲಿಸು) ಎಂದು ಕೊಟ್ಟು ಕಾಯುವುದು. ಎಷ್ಟು ಕಾದರೂ ಏನೂ ಸಿಗದು. ಎಂಪಿಐ ಕಾಮ್ ಸ್ಪಾನ್ ಕರೆದ ಪ್ರೊಸೆಸ್ ತಾನು ಫೋರ್ಕ್ ಮಾಡುವುದಿಲ್ಲ, ಲಾಂಚರ್‌ಗೆ ಕೋರಿಕೆ ಕಳಿಸುತ್ತದೆ ಅಷ್ಟೆ. ವರ್ಕರ್ ಹುಟ್ಟುವುದು ಓಪನ್ ಎಂಪಿಐಯಲ್ಲಿ ನೋಡ್‌ನ (ಕ್ಲಸ್ಟರಿನ ಒಂದು ಯಂತ್ರ) ಡೀಮನ್‌ನಿಂದ, ಎಂಪಿಕ್‌ನಲ್ಲಿ ಅದರ ಲಾಂಚರ್ ಹೈಡ್ರಾದ ಪ್ರಾಕ್ಸಿಯಿಂದ. ಪ್ರೊಸೆಸ್‌ಗಳ ವಂಶವೃಕ್ಷ ತೋರಿಸುವ ಪಿಎಸ್‌ಟ್ರೀ ತೆಗೆದು ನೋಡಿ, ಮಾಸ್ಟರ್‌ನ ಕೆಳಗೆ ಅದು ಇರುವುದೇ ಇಲ್ಲ. ಮಾಸ್ಟರ್‌ಗೆ ಹಾಕಿದ ವಾಲ್‌ಗ್ರಿಂಡ್‌ನ (ಮೆಮೊರಿ ದೋಷ ಹುಡುಕುವ ಉಪಕರಣ) ಟ್ರೇಸ್-ಚಿಲ್ಡ್ರನ್ ಸೋಲುವುದೂ ಇದೇ ಕಾರಣಕ್ಕೆ.

ವರ್ಕರ್‌ನ ಮೇನ್‌ನಲ್ಲಿ ವೊಲಟೈಲ್ ವೇರಿಯಬಲ್ ಇಟ್ಟು ಲೂಪ್‌ನಲ್ಲಿ ನಿಲ್ಲಿಸಿ, ಆಮೇಲೆ ಜಿಡಿಬಿಯಿಂದ ಅಟ್ಯಾಚ್ ಆಗುವ ಹಳೆಯ ಉಪಾಯ ನಡೆಯುತ್ತದೆ. ಆದರೆ ಲಿನಕ್ಸಿನ ಭದ್ರತಾ ಘಟಕ ಯಾಮಾದ ಪಿಟ್ರೇಸ್ ಸ್ಕೋಪ್ 1 (ತನ್ನ ಮಕ್ಕಳು ಪ್ರೊಸೆಸ್‌ಗಳನ್ನಷ್ಟೇ ಟ್ರೇಸ್ ಮಾಡಬಹುದು) ಇರುವ ನೋಡ್‌ನಲ್ಲಿ, ನಿಮ್ಮದೇ ಪ್ರೊಸೆಸ್ ಆದರೂ, ಅನುಮತಿ ಇಲ್ಲ ಎನ್ನುತ್ತದೆ. ರೂಟ್ ಅಧಿಕಾರ ಇಲ್ಲದಿದ್ದರೆ ವರ್ಕರ್ ಒಳಗಿಂದಲೇ ಪಿಆರ್‌ಸಿಟಿಎಲ್ ಎಂಬ ಸಿಸ್ಟಮ್ ಕರೆಯ ಮೂಲಕ ಯಾರು ಬೇಕಾದರೂ ಟ್ರೇಸ್ ಮಾಡಬಹುದೆಂದು ಹೇಳಿಸಬೇಕು. ಪ್ರತಿ ಸಲ ಮರುಕಂಪೈಲ್. ಅದು ನನಗೆ ಒಗ್ಗಲಿಲ್ಲ.

ಸ್ಪಾನ್‌ಗೆ ವರ್ಕರ್ ಬದಲು ಶೆಲ್ ಸ್ಕ್ರಿಪ್ಟ್‌ನ ಹೆಸರು ಕೊಟ್ಟ ಮೇಲೆ ಈ ತಾಪತ್ರಯಗಳೆಲ್ಲ ಮುಗಿದವು. ಆರ್ಗ್‌ವಿಯ (ಸ್ಪಾನ್‌ಗೆ ಕೊಡುವ ಆರ್ಗ್ಯುಮೆಂಟ್ ಪಟ್ಟಿ) ಮೊದಲ ಅಂಶ ನಿಜವಾದ ವರ್ಕರ್‌ನ ಪಾತ್. ಇಲ್ಲಿ ಆರ್ಗ್‌ವಿಗೆ ಸ್ಪಾನ್ ಆಗುವ ಪ್ರೋಗ್ರಾಮಿನ, ಅಂದರೆ ಸ್ಕ್ರಿಪ್ಟಿನ, ಹೆಸರು ಸೇರಿಸಬಾರದು, ಕೊನೆಗೆ ನಲ್ ಇರಲೇಬೇಕು. ಸ್ಕ್ರಿಪ್ಟ್ ಆರೇಳು ಸಾಲು: ಲಾಂಚರ್ ಇಟ್ಟ, ಪ್ರೊಸೆಸ್‌ನ ಕ್ರಮಸಂಖ್ಯೆಯಾದ ರ‍್ಯಾಂಕ್ ಎನ್ವಿರಾನ್ಮೆಂಟ್ ವೇರಿಯಬಲ್ ಓದು, ನನಗೆ ಬೇಕಾದ ರ‍್ಯಾಂಕ್ ಆದರೆ ಹೋಸ್ಟ್‌ನೇಮ್ ಮತ್ತು ಪೋರ್ಟನ್ನು ಹಂಚಿಕೆಯ ಡೈರೆಕ್ಟರಿಯ ಫೈಲಿಗೆ ಬರೆದು ಜಿಡಿಬಿ ಸರ್ವರ್ ಅನ್ನು ಎಕ್ಸೆಕ್ ಮಾಡು (ಸ್ಕ್ರಿಪ್ಟಿನ ಜಾಗದಲ್ಲೇ ಓಡಿಸು), ಉಳಿದವಕ್ಕೆ ನೇರ ವರ್ಕರ್. ಎನ್ವಿರಾನ್ಮೆಂಟ್, ತೆರೆದಿರುವ ಫೈಲ್ ಡಿಸ್ಕ್ರಿಪ್ಟರ್ ಎರಡೂ ಕೆಳಕ್ಕೆ ಇಳಿದು ಬರುವುದರಿಂದ ಲಾಂಚರ್ ಜೊತೆಗಿನ ಸಂಪರ್ಕ ಕಡಿಯುವುದಿಲ್ಲ. ಅನುಮಾನ ಪಟ್ಟವರು ಗಮನಿಸದೇ ಬಿಟ್ಟಿದ್ದು ಇದನ್ನೇ. ಡಿಬಗರ್ ಒಳಗೇ ಟಾಸ್ಕ್ ಹುಟ್ಟಿಸುವ ಫ್ಲ್ಯಾಗ್ ಎಂಪಿಐಗಿಂತ ಹಳೆಯ ಸಂದೇಶ ವ್ಯವಸ್ಥೆ ಪಿವಿಎಂನಲ್ಲಿ ಆಗಲೇ ಇತ್ತು. ಎಂಪಿಐಗೆ ಅದು ಬರಲಿಲ್ಲ.

ಪೋರ್ಟ್ ವಿಷಯದಲ್ಲಿ ಎಚ್ಚರ. ಪ್ರತಿ ಸ್ಪಾನ್‌ಗೂ ಪ್ರತ್ಯೇಕ ಕಾಮ್ ವರ್ಲ್ಡ್ (ಒಟ್ಟಿಗೆ ಹುಟ್ಟಿದ ಪ್ರೊಸೆಸ್‌ಗಳ ಗುಂಪು) ಇರುವುದರಿಂದ ಎರಡನೇ ತಂಡದಲ್ಲೂ ರ‍್ಯಾಂಕ್ 0 ಬರುತ್ತದೆ. ರ‍್ಯಾಂಕ್ ಅನ್ನು ಒಂದು ನಿಗದಿತ ಸಂಖ್ಯೆಗೆ ಕೂಡಿಸಿ ಪೋರ್ಟ್ ಮಾಡಿದರೆ ಒಂದೇ ನೋಡ್‌ನಲ್ಲಿ ಡಿಕ್ಕಿ. ಲಾಗ್ ಫೈಲ್‌ಗಳು ಒಂದರ ಮೇಲೊಂದು ಬರೆದುಕೊಳ್ಳುವುದೂ ಹೀಗೆಯೇ. ಲಾಗ್‌ಗೆ ಹೋಸ್ಟ್‌ನೇಮ್ ಮತ್ತು ಪಿಐಡಿ (ಪ್ರೊಸೆಸ್ ಸಂಖ್ಯೆ) ಸಾಕು. ಪೋರ್ಟ್‌ಗೆ ನನ್ನದೊಂದು ಸೂತ್ರ ಇದೆ, ಅದು ನನ್ನಲ್ಲೇ ಇರಲಿ.

ಜಿಡಿಬಿ ಕಡೆಯಲ್ಲಿ ಕನೆಕ್ಟ್ ಆಗುವ ಮೊದಲು ಸಿಸ್‌ರೂಟ್ (ಲೈಬ್ರರಿಗಳನ್ನು ಹುಡುಕುವ ಬೇರು ಡೈರೆಕ್ಟರಿ) ಅನ್ನು ಬರೀ ಸ್ಲ್ಯಾಶ್‌ಗೆ ಇಡಿ. ಇಲ್ಲದಿದ್ದರೆ ಅದು ಹತ್ತಾರು ಲೈಬ್ರರಿಗಳನ್ನು ನೆಟ್‌ವರ್ಕ್ ಮೇಲೆ ಎಳೆದುಕೊಳ್ಳುತ್ತಾ ಕೂರುತ್ತದೆ. ಎರಡೂ ಕಡೆ ಲೈಬ್ರರಿ ಒಂದೇ ಇದ್ದರೆ ಮಾತ್ರ ಇದು. ವರ್ಕರ್ ಇನಿಟ್‌ಗೆ ಮುಂಚೆ ನಿಂತಿರುವಷ್ಟು ಹೊತ್ತು ಮಾಸ್ಟರ್‌ನ ಸ್ಪಾನ್ ಕರೆ ಮರಳುವುದಿಲ್ಲ. ಹ್ಯಾಂಗ್ ಎಂದು ಗಾಬರಿಯಾಗಿ ಕೊಲ್ಲಬೇಡಿ.

ಖರ್ಚಿನ ಮಾತು. 64 ಕೋರಿನ 4 ನೋಡ್ ಹಿಡಿದು ಎರಡು ಗಂಟೆ ಬ್ರೇಕ್‌ಪಾಯಿಂಟ್ ನೋಡುತ್ತಾ ಕೂತರೆ 512 ಕೋರ್-ಗಂಟೆ ಲೆಕ್ಕಕ್ಕೆ ಬೀಳುತ್ತದೆ. ಕಾಯುತ್ತಿರುವ ರ‍್ಯಾಂಕ್‌ಗಳು ಪೋಲಿಂಗ್ ಮಾಡುತ್ತಾ ಸಿಪಿಯು ಪೂರ್ತಿ ತಿನ್ನುತ್ತಿರುತ್ತವೆ ಬೇರೆ. ಲೈಸೆನ್ಸ್ ಪ್ರೊಸೆಸ್ ಲೆಕ್ಕದಲ್ಲಿರುವ ಡಿಬಗರ್ ಆದರೆ ಸ್ಪಾನ್ ಆದವಕ್ಕೂ ಜಾಗ ಉಳಿಸಿಕೊಂಡಿರಬೇಕು. ನಾನು ಒಂದೇ ನೋಡ್‌ನಲ್ಲಿ ಒಂದು ಮಾಸ್ಟರ್, ಮೂರು ವರ್ಕರ್‌ಗೆ ಇಳಿಸುತ್ತೇನೆ. ಸುಮಾರು ಮುಕ್ಕಾಲು ಪಾಲು ದೋಷ ಅಷ್ಟರಲ್ಲೇ ಕಾಣಿಸುತ್ತದೆ. ಓಪನ್ ಎಂಪಿಐಯಲ್ಲಿ ಸ್ಲಾಟ್ (ಪ್ರೊಸೆಸ್‌ಗೆ ಜಾಗ) 4 ಎಂದು ಹೋಸ್ಟ್‌ಫೈಲ್‌ನಲ್ಲಿ ಬರೆದು, ಮಾಸ್ಟರ್ ಅನ್ನು ಎನ್‌ಪಿ 1ರಲ್ಲಿ (ಒಂದೇ ಪ್ರೊಸೆಸ್) ಎಬ್ಬಿಸಿ. ಸ್ಲಾಟ್ ಸಾಲದಿದ್ದರೆ ಸ್ಪಾನ್ ಅಲ್ಲೇ ಸಾಯುತ್ತದೆ.

ಸಿಕ್ಕಿದ ದೋಷಗಳಲ್ಲಿ ಮತ್ತೆ ಮತ್ತೆ ಬಂದವು ಎರಡು. ಇಂಟರ್‌ಕಾಮ್ (ಮಾಸ್ಟರ್ ಬದಿ, ವರ್ಕರ್ ಬದಿ ಎರಡನ್ನೂ ಜೋಡಿಸುವ ಕಮ್ಯುನಿಕೇಟರ್) ಮೇಲಿನ ಬ್ರಾಡ್‌ಕಾಸ್ಟ್‌ನಲ್ಲಿ ಕಳಿಸುವವನು ಎಂಪಿಐ ರೂಟ್ ಎಂದೂ, ಅವನ ಬದಿಯ ಉಳಿದವರು ಪ್ರಾಕ್ ನಲ್ ಎಂದೂ ಕೊಡಬೇಕಾದಲ್ಲಿ ಎಲ್ಲರೂ 0 ಕೊಟ್ಟು ನೇತಾಡುವುದು ಒಂದು. ಎಂಪಿಐ ಮುಗಿಸುವ ಕರೆಯಾದ ಫೈನಲೈಸ್‌ನಲ್ಲಿ ಸಿಕ್ಕಿಕೊಳ್ಳುವುದು ಇನ್ನೊಂದು. ಫೈನಲೈಸ್ ಎನ್ನುವುದು ಸಂಪರ್ಕದಲ್ಲಿರುವ ಎಲ್ಲ ಪ್ರೊಸೆಸ್‌ಗಳ ಸಾಮೂಹಿಕ ಕ್ರಿಯೆ. ಕಾಮ್ ಫ್ರೀ ಸಂಪರ್ಕ ಕಡಿಯುವುದಿಲ್ಲ, ಡಿಸ್‌ಕನೆಕ್ಟ್ ಬೇಕು. ಅದೂ ಎರಡೂ ಬದಿಯಲ್ಲಿ, ಮರ್ಜ್ ಮಾಡಿಕೊಂಡ ಕಮ್ಯುನಿಕೇಟರ್‌ಗೂ ಸೇರಿಸಿ.

ಇದೇ ಸ್ಕ್ರಿಪ್ಟ್‌ನಲ್ಲಿ ಜಿಡಿಬಿ ಸರ್ವರ್ ಜಾಗಕ್ಕೆ ವಾಲ್‌ಗ್ರಿಂಡ್ ಹಾಕಿದ್ದೂ ಉಂಟು. ಲಾಗ್ ಫೈಲ್ ಹೆಸರಿನಲ್ಲಿ ಹೋಸ್ಟ್‌ನೇಮ್, ಪಿಐಡಿ ಇದ್ದರೆ ಸಾಕು. ವೇಗ ಇಪ್ಪತ್ತು ಪಟ್ಟು ಇಳಿಯುತ್ತದೆ ಅಂದುಕೊಳ್ಳಿ. ಓಟವನ್ನು ರೆಕಾರ್ಡ್ ಮಾಡಿ ಮತ್ತೆ ಓಡಿಸುವ ಡಿಬಗರ್ ಆರ್‌ಆರ್ ಹಾಕಿ ಹಿಂದಕ್ಕೆ ಓಡಿಸುವ ಪ್ರಯೋಗಕ್ಕೆ ಹೆಚ್ಚು ಬೆವರು ಸುರಿಯಿತು. ರೆಕಾರ್ಡಿಂಗ್‌ನ ಹೊರಗಿನ ಪ್ರೊಸೆಸ್ ಜೊತೆ ಶೇರ್ಡ್ ಮೆಮೊರಿ ಇದ್ದರೆ ಆರ್‌ಆರ್‌ಗೆ ಆಗದು. ಓಪನ್ ಎಂಪಿಐಗೆ ಬಿಟಿಎಲ್ (ಸಂದೇಶ ಸಾಗಿಸುವ ಪದರ) ಟಿಸಿಪಿ ಮತ್ತು ಸೆಲ್ಫ್ ಮಾತ್ರ, ಶೇರ್ಡ್ ಮೆಮೊರಿ ಬೇಡ ಎಂದು ಕಟ್ಟಿಹಾಕಿದ ಮೇಲೆ ವರ್ಕರ್ 2ರ ಹಾಳಾದ ಪಾಯಿಂಟರ್ ಯಾವ ಸಾಲಿನಲ್ಲಿ ಬರೆಸಿಕೊಂಡಿತು ಎಂಬುದು ವಾಚ್‌ಪಾಯಿಂಟ್ ಇಟ್ಟು ರಿವರ್ಸ್-ಕಂಟಿನ್ಯೂ ಕೊಟ್ಟ ಕೂಡಲೇ ಸಿಕ್ಕಿತು.