ಮೆಟ್ರೊ ವೇಳಾಪಟ್ಟಿ ಹಾಕುವುದು ಹೇಗೆ?

ತುಮಕೂರಿನಿಂದ ದಿನಾ ಬೆಂಗಳೂರಿಗೆ ಓಡಾಡುವವರಿಗೆ ರೈಲಿನ ವೇಳೆ ಬಾಯಿಪಾಠ. ಅವರೇ ಮಾದಾವರದಲ್ಲಿ ಬಸ್ಸಿಳಿದು ಮೆಟ್ರೊ ಹತ್ತುವಾಗ ‘ಎಷ್ಟು ಗಂಟೆಗೆ ಬರುತ್ತೆ’ ಎಂದು ಕೇಳುವುದಿಲ್ಲ, ‘ಎಷ್ಟು ನಿಮಿಷಕ್ಕೊಂದು’ ಎಂದು ಕೇಳುತ್ತಾರೆ. ವೇಳಾಪಟ್ಟಿ ಹಾಕುವವರೂ ಅಲ್ಲಿಂದಲೇ ಶುರು ಮಾಡುವುದು. ಎರಡು ರೈಲುಗಳ ನಡುವಿನ ಅಂತರ ಮೊದಲು ತೀರ್ಮಾನವಾಗುತ್ತದೆ. ಗಂಟೆ, ನಿಮಿಷ ಎಲ್ಲ ಆಮೇಲೆ ತಾವಾಗಿಯೇ ಬಂದು ಕೂರುತ್ತವೆ. ಈ ಅಂತರವನ್ನು ಮೆಟ್ರೊದವರು ‘ಹೆಡ್‌ವೇ’ ಅನ್ನುತ್ತಾರೆ.

ಮೊದಲು ಮಾರ್ಗ

‘ನಮ್ಮ ಮೆಟ್ರೊ’ದಲ್ಲಿ ಒಂದು ಬಣ್ಣದ ರೈಲು ಇನ್ನೊಂದು ಬಣ್ಣದ ಹಳಿಗೆ ಪ್ರಯಾಣಿಕರನ್ನು ಹೊತ್ತುಕೊಂಡು ಹೋಗುವುದಿಲ್ಲ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ, ಹಸಿರು ಮಾದಾವರದಿಂದ ರೇಷ್ಮೆ ಸಂಸ್ಥೆಗೆ, ಹಳದಿ ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ. ಮಾರ್ಗ ಬದಲಿಸಬೇಕಾದವರು ಮೆಜೆಸ್ಟಿಕ್‌ನಲ್ಲೋ ಆರ್‌.ವಿ. ರಸ್ತೆಯಲ್ಲೋ ಇಳಿದು ಹತ್ತಬೇಕು. ‘ನೇರ ರೈಲೇ ಬಿಡಬಾರದೇ’ ಎಂದು ಬೇಸರವಾಗುವುದು ಸಹಜ. ಆದರೆ 5 ನಿಮಿಷಕ್ಕೊಂದು ರೈಲಿರುವ ಮಾರ್ಗವನ್ನು ನಡುವೆ ಎರಡು ಕವಲು ಮಾಡಿದರೆ ಪ್ರತಿ ಕವಲಿಗೆ ಸಿಗುವುದು 10 ನಿಮಿಷಕ್ಕೊಂದು. ಜತೆಗೆ ಒಂದು ಕವಲಿನಲ್ಲಿ ತಡವಾದರೆ ಆ ತಡ ಇನ್ನೊಂದಕ್ಕೂ ಅಂಟುತ್ತದೆ.

ನ್ಯೂಯಾರ್ಕ್‌ನಲ್ಲಿ ಹಲವು ಮಾರ್ಗಗಳು ಒಂದೇ ಹಳಿ ಹಂಚಿಕೊಳ್ಳುತ್ತವೆ. ಅಲ್ಲಿ ಅನೇಕ ಕಡೆ ನಾಲ್ಕು ಹಳಿಗಳಿರುವುದರಿಂದ ಎಲ್ಲ ಕಡೆ ನಿಲ್ಲುವ ರೈಲು, ಎಕ್ಸ್‌ಪ್ರೆಸ್ ರೈಲು ಎರಡೂ ಅಕ್ಕಪಕ್ಕ ಓಡುತ್ತವೆ. ನಮ್ಮಲ್ಲಿ ಹೋಗಲೊಂದು, ಬರಲೊಂದು, ಎರಡೇ ಹಳಿ. ಮುಂದಿನ ರೈಲನ್ನು ಹಿಂದಿನದು ದಾಟುವಂತಿಲ್ಲ. ಹಾಗಾಗಿ ಎಲ್ಲ ರೈಲೂ ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತದೆ.

ಅಂತರದ ಲೆಕ್ಕ

ಇಡೀ ದಿನದ ಜನಸಂಖ್ಯೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅತಿ ಹೆಚ್ಚು ನೂಕುನುಗ್ಗಲಿನ ಒಂದು ಗಂಟೆಯಲ್ಲಿ, ಒಂದೇ ದಿಕ್ಕಿನಲ್ಲಿ, ಅತಿ ಕಿಕ್ಕಿರಿದ ಎರಡು ನಿಲ್ದಾಣಗಳ ನಡುವೆ ಎಷ್ಟು ಜನ ಹಾದುಹೋಗುತ್ತಾರೆ ಎಂಬ ಒಂದೇ ಅಂಕಿ ಬೇಕು. ಉದಾಹರಣೆಗೆ ಅದು 18,000 ಎಂದಿಟ್ಟುಕೊಳ್ಳಿ. ಆರು ಬೋಗಿಯ ರೈಲಿಗೆ 1,500 ಜನ ಎಂದು ಹಿಡಿದರೆ ಗಂಟೆಗೆ 12 ರೈಲು ಬೇಕು, ಅಂದರೆ 5 ನಿಮಿಷಕ್ಕೊಂದು.

ಇಷ್ಟು ರೈಲು ಕೈಯಲ್ಲಿದೆಯೇ? ಅದಕ್ಕೆ ಒಂದು ಪೂರ್ತಿ ಸುತ್ತಿಗೆ ಹಿಡಿಯುವ ಕಾಲ ಗೊತ್ತಿರಬೇಕು. ಹಸಿರು ಮಾರ್ಗ ಸುಮಾರು 33.5 ಕಿ.ಮೀ. ರೈಲಿನ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಇದ್ದರೂ ನಿಂತು ಹೊರಡುವುದರಲ್ಲಿ ಸರಾಸರಿ 34ರ ಆಸುಪಾಸಿಗೆ ಇಳಿಯುತ್ತದೆ. ಹೋಗಲು 60 ನಿಮಿಷ, ಬರಲು 60, ಎರಡು ತುದಿಯಲ್ಲೂ ತಿರುಗಲು ಐದೈದು ನಿಮಿಷ ಸೇರಿಸಿದರೆ 130 ನಿಮಿಷ. ಇದನ್ನು 5ರಿಂದ ಭಾಗಿಸಿ: 26 ರೈಲು. 4 ನಿಮಿಷಕ್ಕೊಂದು ಬೇಕೆಂದರೆ 33. ಅಂತರದಲ್ಲಿ ಒಂದೇ ನಿಮಿಷ ಕಡಿತ, ರೈಲು ಏಳು ಹೆಚ್ಚು! ಡಿಪೊದಲ್ಲಿ ರಿಪೇರಿಗೆ ನಿಂತವು, ತುರ್ತಿಗೆಂದು ಇಟ್ಟವು ಎಂದು ಹತ್ತಕ್ಕೊಂದರಂತೆ ಮೇಲೆ ಬೇರೆ ಬೇಕು.

ಈ ಭಾಗಾಕಾರ ಕಣ್ಣಿಗೆ ಕಟ್ಟಿದಂತೆ ಕಂಡದ್ದು ಹಳದಿ ಮಾರ್ಗದಲ್ಲಿ. 2025ರ ಆಗಸ್ಟ್‌ನಲ್ಲಿ ಅದು ಶುರುವಾದಾಗ ಇದ್ದದ್ದು ಮೂರೇ ರೈಲು, ಅಂತರ 25 ನಿಮಿಷ. ಮೂರನ್ನು 25ರಿಂದ ಗುಣಿಸಿದರೆ ಸುತ್ತಿನ ಕಾಲ 75 ನಿಮಿಷ ಸಿಗುತ್ತದೆ. ನಾಲ್ಕನೇ ರೈಲು ಬಂದಾಗ ಅಂತರ 19ಕ್ಕೆ ಇಳಿಯಿತು, ಐದನೆಯದು ಬಂದಾಗ 15ಕ್ಕೆ. 75ನ್ನು ನಾಲ್ಕರಿಂದ, ಐದರಿಂದ ಭಾಗಿಸಿ ನೋಡಿ, ಅದೇ ಉತ್ತರ. ಹಳಿ, ನಿಲ್ದಾಣ, ಸಿಗ್ನಲ್ ಎಲ್ಲ ಸಿದ್ಧವಿದ್ದರೂ ರೈಲು ಕಡಿಮೆಯಿದ್ದರೆ ವೇಳಾಪಟ್ಟಿ ಹಾಕುವವರ ಕೈ ಕಟ್ಟಿದಂತೆಯೇ.

ರೈಲು ಸಾಲದಿದ್ದರೆ

ಆಗ ಬರುವುದು ಶಾರ್ಟ್ ಲೂಪ್. ಜನದಟ್ಟಣೆ ಇರುವಷ್ಟು ಭಾಗದಲ್ಲಿ ಮಾತ್ರ ಓಡಿ, ನಡುವೆಯೇ ತಿರುಗಿ ಬರುವ ರೈಲು. ನೇರಳೆ ಮಾರ್ಗದಲ್ಲಿ ಬೆಳಗಿನ ಹೊತ್ತು ಮೆಜೆಸ್ಟಿಕ್ ಕಡೆಯಿಂದ ಹೊರಟ ಕೆಲವು ರೈಲುಗಳು ವೈಟ್‌ಫೀಲ್ಡ್‌ವರೆಗೆ ಹೋಗದೆ ಗರುಡಾಚಾರ್‌ಪಾಳ್ಯದಲ್ಲೇ ತಿರುಗಿದ್ದುಂಟು. ಎಲ್ಲ ನಿಲ್ದಾಣದಲ್ಲೂ ಹೀಗೆ ತಿರುಗಿಸಲು ಆಗುವುದಿಲ್ಲ. ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಕ್ರಾಸ್‌ಓವರ್ ಇದ್ದಲ್ಲಿ ಮಾತ್ರ ಸಾಧ್ಯ. ಹತ್ತುವ ಮುನ್ನ ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ಕೊನೆಯ ನಿಲ್ದಾಣದ ಹೆಸರು ನೋಡಿಕೊಳ್ಳಿ ಎನ್ನುವುದು ಇದಕ್ಕೇ.

ತುದಿಯ ನಿಲ್ದಾಣದ ತಕರಾರು

ಎಷ್ಟೇ ರೈಲು ಕೊಟ್ಟರೂ ಅಂತರವನ್ನು ಮನಬಂದಷ್ಟು ಇಳಿಸಲಾಗದು. 80 ಕಿ.ಮೀ. ವೇಗದಲ್ಲಿರುವ ರೈಲು ಸಾಧಾರಣ ಬ್ರೇಕ್‌ನಲ್ಲಿ ನಿಲ್ಲಲು ಸುಮಾರು 250 ಮೀಟರ್ ಬೇಕು, ಅದರ ಮೇಲೆ ಸುರಕ್ಷತೆಗೆಂದು ಇನ್ನಷ್ಟು ಜಾಗ ಬಿಡಬೇಕು. ಆದರೂ ನಿಜವಾದ ಗಂಟು ಬೀಳುವುದು ಹೆಚ್ಚಾಗಿ ತುದಿಯ ನಿಲ್ದಾಣದಲ್ಲಿ. ಬಂದ ರೈಲು ಖಾಲಿಯಾಗಬೇಕು, ಕ್ರಾಸ್‌ಓವರ್ ದಾಟಬೇಕು. ಈ ತುದಿಯ ಕ್ಯಾಬ್ (ಚಾಲಕರ ಕೋಣೆ) ಮುಚ್ಚಿ ಚಾಲಕರು ಆರು ಬೋಗಿಯುದ್ದ ನಡೆದು ಆ ತುದಿಯ ಕ್ಯಾಬ್‌ಗೆ ಹೋಗಬೇಕು. ನೂರಿಪ್ಪತ್ತು ಮೀಟರಿಗೂ ಹೆಚ್ಚು ದೂರ, ಅದಕ್ಕೇ ಎರಡು ನಿಮಿಷ ಹೋಗುತ್ತದೆ. ಈ ಎರಡು ನಿಮಿಷ ಉಳಿಸಲು ಹಲವು ನಗರಗಳಲ್ಲಿ ಒಂದು ಉಪಾಯ ಮಾಡುತ್ತಾರೆ: ಇನ್ನೊಬ್ಬ ಚಾಲಕರು ಆ ತುದಿಯಲ್ಲಿ ಮೊದಲೇ ಕಾದಿರುತ್ತಾರೆ, ರೈಲು ನಿಂತ ಕೂಡಲೇ ಹಿಂದಿನ ಕ್ಯಾಬ್ ಹತ್ತುತ್ತಾರೆ. ಇಳಿದ ಚಾಲಕರು ಆ ತುದಿಗೆ ನಡೆದು ಹೋಗಿ ಮುಂದೆ ಬರುವ ರೈಲನ್ನು ಓಡಿಸುತ್ತಾರೆ. ಒಬ್ಬಿಬ್ಬರು ಚಾಲಕರು ಹೆಚ್ಚು ಬೇಕಾಗುತ್ತಾರೆ, ಆದರೆ ಹೊಸ ರೈಲು ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ.

ರಾತ್ರಿ ಮುಚ್ಚುವುದೇಕೆ?

ನೇರಳೆ, ಹಸಿರು ಮಾರ್ಗಗಳ ರೈಲಿಗೆ ವಿದ್ಯುತ್ ಬರುವುದು ಹಳಿಯ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್ ಡಿ.ಸಿ. ಅದನ್ನು ಆರಿಸದೆ ಹಳಿಗೆ ಇಳಿಯುವಂತಿಲ್ಲ. ಕೊನೆಯ ರೈಲು ಡಿಪೊ ಸೇರಿದ ಮೇಲೆ ಬೆಳಗಿನ ಮೊದಲ ರೈಲಿಗೆ ಮುನ್ನ ದುರಸ್ತಿಗೆ ಸಿಗುವುದು ಮೂರು-ನಾಲ್ಕು ಗಂಟೆ, ಅಷ್ಟೆ. ವಾರದ ದಿನಗಳಲ್ಲಿ ಬೆಳಿಗ್ಗೆ 5ಕ್ಕೆ ಸಂಚಾರ ಶುರು, ಭಾನುವಾರ 7ಕ್ಕೆ. ಊರಿಗೆ ಹೋಗಿ ಸೋಮವಾರ ನಸುಕಿನಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿಯುವವರಿಗಾಗಿ 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೇ ಶುರು ಮಾಡಿದರು.

ಐದು ನಿಮಿಷದ ಅಂತರ ಎಂಟಾಗುವುದು ಹೇಗೆ

ರೈಲು ನಿಲ್ದಾಣದಲ್ಲಿ ನಿಲ್ಲುವುದು ಸಾಮಾನ್ಯವಾಗಿ ಅರ್ಧ ನಿಮಿಷ, ಮೆಜೆಸ್ಟಿಕ್‌ನಂಥ ಕಡೆ ಸ್ವಲ್ಪ ಹೆಚ್ಚು. ಯಾರೋ ಒಬ್ಬರು ಬಾಗಿಲಿಗೆ ಬ್ಯಾಗು ಅಡ್ಡ ಕೊಟ್ಟರು ಅನ್ನಿ. ಬಾಗಿಲು ಮತ್ತೆ ತೆರೆದು ಮುಚ್ಚುವಷ್ಟರಲ್ಲಿ 15 ಸೆಕೆಂಡ್ ಹೋಯಿತು. ಹೀಗೆ ಎಂಟು ನಿಲ್ದಾಣದಲ್ಲಾದರೆ ಎರಡು ನಿಮಿಷ. ಈಗ ಮುಂದಿನ ಪ್ಲಾಟ್‌ಫಾರ್ಮಿನಲ್ಲಿ ಐದು ನಿಮಿಷದ ಬದಲು ಏಳು ನಿಮಿಷದ ಜನ ಸೇರಿರುತ್ತಾರೆ. ಹತ್ತಲು ಇನ್ನೂ ತಡ. ಅದರ ಹಿಂದಿನ ರೈಲಿಗೆ ಸಿಗುವುದು ಮೂರೇ ನಿಮಿಷದ ಜನ. ಅದು ಖಾಲಿಯಾಗಿ, ಬೇಗ ಬಂದು ಮುಂದಿನದರ ಬೆನ್ನಿಗೆ ಬೀಳುತ್ತದೆ. ತುಮಕೂರು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಾದ ಮೇಲೆ ಒಂದೇ ಊರಿನ ಎರಡು ಬಸ್ಸು ಒಟ್ಟಿಗೆ ಬರುವುದೂ ಇದೇ ಕಾರಣಕ್ಕೆ.

ನಿಯಂತ್ರಣ ಕೊಠಡಿಯವರು ಇದಕ್ಕೆ ಮಾಡುವ ಮದ್ದು ಪ್ರಯಾಣಿಕರಿಗೆ ವಿಚಿತ್ರ ಅನ್ನಿಸೀತು. ತಡವಾದ ರೈಲನ್ನು ಓಡಿಸುವುದಕ್ಕಿಂತ, ಅದರ ಮುಂದೆ ಸರಿಯಾಗಿಯೇ ಹೋಗುತ್ತಿರುವ ರೈಲನ್ನು ಒಂದೆರಡು ನಿಲ್ದಾಣದಲ್ಲಿ 20–30 ಸೆಕೆಂಡ್ ಹೆಚ್ಚು ನಿಲ್ಲಿಸುತ್ತಾರೆ. ನಡುವಿನ ಕಂದರ ಕಿರಿದಾಗುತ್ತದೆ, ಜನ ಹಂಚಿಹೋಗುತ್ತಾರೆ. ಕಾರಣವಿಲ್ಲದೆ ರೈಲು ನಿಂತಿದೆ ಎಂದು ಬೈದುಕೊಳ್ಳುವಾಗ ಇದನ್ನು ನೆನಪಿಡಬಹುದು.

ನಿಮ್ಮ ಲೆಕ್ಕ

ಮಾದಾವರದಿಂದ ಮೆಜೆಸ್ಟಿಕ್ 16 ನಿಲ್ದಾಣ ಆಚೆ. ನಿಲ್ದಾಣಕ್ಕೆ ಎರಡು ನಿಮಿಷದಂತೆ 32. ಸರಾಸರಿ ಕಾಯುವುದು ಅಂತರದ ಅರ್ಧ ಎಂದು ಪುಸ್ತಕ ಹೇಳಿದರೂ, ಕೋರ್ಟು, ಪರೀಕ್ಷೆ, ಸಂದರ್ಶನ ಎಂದು ಹೋಗುವವರು ಪೂರ್ತಿ ಅಂತರವನ್ನೇ ಸೇರಿಸಿಕೊಳ್ಳಿ. ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಲು ಐದು ನಿಮಿಷ, ಅಲ್ಲಿ ಮತ್ತೊಂದು ಅಂತರ. ತುಮಕೂರಿನಿಂದ ರೈಲಿನಲ್ಲೇ ಬರುವವರಾದರೆ ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗ ಹತ್ತುವುದು ಸಲೀಸು. ನೇರಳೆ ಬೇಕಾದವರು ಕೊನೆಯವರೆಗೆ ಹೋಗಿ ರೈಲು ನಿಲ್ದಾಣದ ಪಕ್ಕದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಮೆಟ್ರೊ ನಿಲ್ದಾಣದಲ್ಲಿ ಹತ್ತಿದರೆ ಮಾರ್ಗ ಬದಲಿಸುವ ನಡಿಗೆ ಉಳಿಯುತ್ತದೆ.

ತುಮಕೂರಿಗೇ ಮೆಟ್ರೊ ತರುವ ಸಾಧ್ಯತೆಯ ಅಧ್ಯಯನ 2024ರ ರಾಜ್ಯ ಬಜೆಟ್‌ನಲ್ಲೇ ಬಂದಿತ್ತು. ಮಾದಾವರದಾಚೆ 50 ಕಿ.ಮೀ. ಎಂದು ಹಿಡಿದು ಇದೇ ಲೆಕ್ಕ ಹಾಕಿ. ನಗರದೊಳಗಿನಂತೆ ಅಡಿಗಡಿಗೆ ನಿಲ್ದಾಣ ಕಟ್ಟಿ ಸರಾಸರಿ 34 ಕಿ.ಮೀ.ನಲ್ಲಿ ಓಡಿಸಿದರೆ ಮಾದಾವರ ಮುಟ್ಟಲಿಕ್ಕೇ ಸುಮಾರು ಒಂದೂವರೆ ಗಂಟೆ ಬೇಕು, 10 ನಿಮಿಷಕ್ಕೊಂದರಂತೆ ಬಿಡಲು 18 ರೈಲು ಹೆಚ್ಚುವರಿ ಬೇಕು. ನಿಲ್ದಾಣಗಳನ್ನು ದೂರ ದೂರ ಇಟ್ಟು ಸರಾಸರಿಯನ್ನು 50ಕ್ಕೆ ಏರಿಸಿದರೆ ಒಂದು ಗಂಟೆ, 12 ರೈಲು ಸಾಕು. ಹೆದ್ದಾರಿ ಬದಿಯ ಪ್ರತಿ ಊರಿನವರೂ ತಮಗೊಂದು ನಿಲ್ದಾಣ ಕೇಳುವುದು ಖಂಡಿತ. ಹಾಗೆ ಸೇರಿಸಿದ ಪ್ರತಿಯೊಂದಕ್ಕೂ ತುಮಕೂರಿನವರ ಪ್ರಯಾಣ ಒಂದು ನಿಮಿಷವಾದರೂ ಲಂಬಿಸುತ್ತದೆ.